ತಿಂಗಳ ಚಹಾ ಮತ್ತು ಅದನ್ನು ಕೊಟ್ಟ ಕೈ

ಇಂಗ್ಲಿಷಿನ 'ಮೂನ್ ಟೀ' ಎಂಬುದನ್ನು ಕನ್ನಡಕ್ಕೆ ತರುವಾಗ 'ಚಂದ್ರನ ಚಹಾ' ಎನ್ನುವುದಕ್ಕಿಂತ 'ತಿಂಗಳ ಚಹಾ' ಎನ್ನುವುದೇ ಸರಿ ಎಂದು ನಮಗೆ ತೋರುತ್ತದೆ. ಕನ್ನಡದಲ್ಲಿ ತಿಂಗಳು ಎಂದರೆ ಚಂದ್ರನೂ ಹೌದು, ಮೂವತ್ತು ದಿನಗಳ ಲೆಕ್ಕವೂ ಹೌದು. ಹೆಂಗಸರು ತಮ್ಮತಮ್ಮಲ್ಲೇ ದನಿ ತಗ್ಗಿಸಿ ಆಡುವಾಗ ಅದಕ್ಕೆ ಮೂರನೆಯ ಅರ್ಥವೂ ಇದೆ. ಉರ್ದುವಿನಲ್ಲೂ ಅಷ್ಟೆ. ಮಾಹ್ ಎಂದರೆ ಚಂದ್ರ, ಮಾಹ್ ಎಂದರೆ ತಿಂಗಳು, ಮಾಹವಾರಿ ಎಂದರೆ ಮುಟ್ಟು. ಅಮೆರಿಕದ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ತಾನು ಕಟ್ಟಿದ ಕಲ್ಪನೆಯ ನಾಡಿನಲ್ಲಿ ಬಸಿರು ನಿಲ್ಲದಂತೆ ಹೆಂಗಸರು ಕುಡಿಯುವ ಗಿಡಮೂಲಿಕೆಯ ಪಾನೀಯಕ್ಕೆ ಈ ಹೆಸರಿಟ್ಟಾಗ, ಅವರಿಗೆ ತಿಳಿದೋ ತಿಳಿಯದೆಯೋ, ನಮ್ಮ ಎರಡು ಭಾಷೆಗಳಿಗೂ ಹತ್ತಿರವಾದ ಹೆಸರನ್ನೇ ಇಟ್ಟಿದ್ದಾರೆ.

ಮಾರ್ಟಿನ್ ಅವರ 'ಎ ಸಾಂಗ್ ಆಫ್ ಐಸ್ ಅಂಡ್ ಫೈರ್' ಕಾದಂಬರಿ ಮಾಲೆಯ ಮೊದಲ ಸಂಪುಟ 1996ರಲ್ಲಿ ಬಂತು, ಐದನೆಯದು 2011ರಲ್ಲಿ. ಅದೇ ವರ್ಷ ಶುರುವಾದ 'ಗೇಮ್ ಆಫ್ ಥ್ರೋನ್ಸ್' ಎಂಬ ಟಿವಿ ಸರಣಿ 2019ರವರೆಗೆ ನಡೆದು ಈ ಕಥೆಯನ್ನು ಲೋಕಕ್ಕೆಲ್ಲ ಮುಟ್ಟಿಸಿತು. ಡ್ರ್ಯಾಗನ್, ಸಿಂಹಾಸನ, ಶಿರಚ್ಛೇದ ಎಂದರೆ ಎಲ್ಲರಿಗೂ ನೆನಪಾಗುತ್ತದೆ. ಈ ಪುಟ್ಟ ಬಟ್ಟಲು ಯಾರಿಗೂ ನೆನಪಾಗುವುದಿಲ್ಲ. ಸಾವಿರಾರು ಪುಟಗಳ ನಡುವೆ ಅದು ಬಂದು ಹೋಗುವುದು ಕೆಲವೇ ಸಾಲುಗಳಲ್ಲಿ. ಆದರೆ ಕತೆ ಬರೆಯುವ ಕಸುಬಿನ ನಮಗೆ ಈ ಇಡೀ ಮಹಾಯುದ್ಧದ ಬೇರು ಆ ಬಟ್ಟಲಿನಲ್ಲೇ ಕಾಣುತ್ತದೆ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಮೊದಲು ಬಟ್ಟಲಿನಲ್ಲಿ ಏನಿದೆ ಎಂದು ನೋಡೋಣ. ಹಳದಿ ಗುಂಡಿಯಂಥ ಹೂ ಬಿಡುವ ಟ್ಯಾನ್ಸಿ ಎಂಬ ಗಿಡ, ಪುದೀನ, ವರ್ಮ್‌ವುಡ್, ಕಹಿ ಮರೆಸಲು ಜೇನು, ಕೊನೆಗೆ ಪೆನ್ನಿರಾಯಲ್‌ನ ಒಂದು ಹನಿ. ಇವುಗಳಲ್ಲಿ ಯಾವುದೂ ಮಾರ್ಟಿನ್ ಅವರ ಕಲ್ಪನೆಯಲ್ಲ. ವರ್ಮ್‌ವುಡ್ ಎಂದರೆ ನಮ್ಮ ಹಕೀಮರು ಇಂದಿಗೂ ಬಳಸುವ ಅಫ್ಸಂತೀನ್. ಯುನಾನಿ ಗ್ರಂಥಗಳಲ್ಲಿ ಅದನ್ನು 'ಮುದಿರ್ರೆ ಹೈಝ್', ಅಂದರೆ ಮುಟ್ಟನ್ನು ಹರಿಯಿಸುವ ಮದ್ದುಗಳ ಸಾಲಿನಲ್ಲಿ ಸೇರಿಸಿದ್ದಾರೆ. ಪೆನ್ನಿರಾಯಲ್ ಪುದೀನದ ಕುಲಕ್ಕೇ ಸೇರಿದ್ದು. ಕ್ರಿಸ್ತಪೂರ್ವ 421ರಲ್ಲಿ ಗ್ರೀಕ್ ನಾಟಕಕಾರ ಅರಿಸ್ಟೋಫನೀಸ್ ತನ್ನ 'ಪೀಸ್' ನಾಟಕದಲ್ಲಿ ಅದನ್ನು ಹಾಸ್ಯಕ್ಕೆ ಬಳಸಿದ್ದಾನೆ. ನೋಡುವವರಿಗೆ ಅದು ಯಾತಕ್ಕೆ ಎಂದು ಗೊತ್ತಿರದಿದ್ದರೆ ಆ ಹಾಸ್ಯಕ್ಕೆ ನಗು ಬರುವಂತಿರಲಿಲ್ಲ. ಈಗಿನ ಲಿಬಿಯಾದಲ್ಲಿದ್ದ ಸೈರೀನ್ ಎಂಬ ನಗರ ಸಿಲ್ಫಿಯಂ ಎಂಬ ಗಿಡದ ವ್ಯಾಪಾರದಿಂದಲೇ ಶ್ರೀಮಂತವಾಗಿ, ತನ್ನ ನಾಣ್ಯಗಳ ಮೇಲೆ ಆ ಗಿಡದ ಚಿತ್ರ ಅಚ್ಚೊತ್ತಿತ್ತು. ಅದರ ರಸವನ್ನು ಕಡಲೆಕಾಳಿನಷ್ಟು ತೆಗೆದುಕೊಂಡು ತಿಂಗಳಿಗೊಮ್ಮೆ ನೀರಿನಲ್ಲಿ ಕುಡಿಯುವ ಕ್ರಮವನ್ನು ಎರಡನೆಯ ಶತಮಾನದ ಹೊತ್ತಿಗೆ ರೋಮಿನಲ್ಲಿ ವೈದ್ಯನಾಗಿದ್ದ ಸೊರಾನಸ್ ಬರೆದಿಟ್ಟಿದ್ದಾನೆ. ತಿಂಗಳಿಗೊಮ್ಮೆ ಎಂಬುದನ್ನು ಗಮನಿಸಿ. ತಿಂಗಳ ಚಹಾ ಅಲ್ಲಿಯೂ ಇತ್ತು. ಆ ಗಿಡ ಆಮೇಲೆ ಕಾಣೆಯಾಯಿತು. ತನ್ನ ಕಾಲದಲ್ಲಿ ಸಿಕ್ಕ ಒಂದೇ ಒಂದು ದಂಟನ್ನು ನೀರೋ ಚಕ್ರವರ್ತಿಗೆ ಕಳಿಸಿದರೆಂದು ಪ್ಲಿನಿ ಹೇಳುತ್ತಾನೆ.

ಈ ಮದ್ದುಗಳೆಲ್ಲ ನಿಜಕ್ಕೂ ಕೆಲಸ ಮಾಡುತ್ತಿದ್ದವೇ? ಅಮೆರಿಕದ ಇತಿಹಾಸಕಾರ ಜಾನ್ ರಿಡ್ಲ್ 1992ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಹೌದೆಂದು ವಾದಿಸಿದರು. ಹಲವು ವಿದ್ವಾಂಸರು ಅದನ್ನು ಪ್ರಶ್ನಿಸಿದರು. ಒಂದಂತೂ ಖಚಿತ: ಇವು ವಿಷಕ್ಕೆ ತೀರಾ ಹತ್ತಿರದವು. ಪೆನ್ನಿರಾಯಲ್ ಎಣ್ಣೆ ಪಿತ್ತಕೋಶದ ಪಕ್ಕದ ಯಕೃತ್ತನ್ನೇ ಸುಡುತ್ತದೆ. 1978ರಲ್ಲಿ ಅಮೆರಿಕದ ಕೊಲರಾಡೋದಲ್ಲಿ ಹದಿನೆಂಟು ವರ್ಷದ ಹುಡುಗಿಯೊಬ್ಬಳು ಬಸಿರು ಇಳಿಸಿಕೊಳ್ಳಲು ಅದನ್ನು ಕುಡಿದು ಸತ್ತಳು. ಟ್ಯಾನ್ಸಿಯಲ್ಲೂ ಅಫ್ಸಂತೀನಿನಲ್ಲೂ ಇರುವ ಥುಜೋನ್ ಎಂಬ ಅಂಶ ಮಿತಿ ಮೀರಿದರೆ ಸೆಳವು ತರುತ್ತದೆ. ಹಾಗಾಗಿ ಮಾರ್ಟಿನ್ ಅವರ ಚಹಾದಲ್ಲಿ ಕಲ್ಪನೆ ಯಾವುದೆಂದರೆ ಗಿಡಗಳಲ್ಲ, ಅದರ ಸುಲಭ. ಅವರ ನಾಡಿನಲ್ಲಿ ಬಹುಪಾಲು ಹೆಂಗಸರು ಅದನ್ನು ಕುಡಿದು ಬಟ್ಟಲು ಕೆಳಗಿಟ್ಟು ತಮ್ಮ ಕೆಲಸಕ್ಕೆ ಹೋಗುತ್ತಾರೆ. ಇಪ್ಪತ್ತನೆಯ ಶತಮಾನದ ಗುಳಿಗೆಯ ನೆಮ್ಮದಿಯನ್ನು ಲೇಖಕರು ಮಧ್ಯಯುಗದ ಮಡಕೆಯಲ್ಲಿ ಕುದಿಸಿದ್ದಾರೆ. ನಮ್ಮಲ್ಲಿ ಇಂಥದ್ದಕ್ಕೆ ಯಾರೂ ಚಹಾ ಎನ್ನುವುದಿಲ್ಲ, ಕಷಾಯ ಎನ್ನುತ್ತಾರೆ, ಉರ್ದುವಿನಲ್ಲಿ ಜೋಶಾಂದಾ. ಆ ಮಾತುಗಳಲ್ಲೇ ಕಹಿ ಇದೆ.

ಆದರೆ ಒಬ್ಬಳ ವಿಷಯದಲ್ಲಿ ಮಾತ್ರ ಮಾರ್ಟಿನ್ ಈ ಸುಲಭವನ್ನು ಬಿಟ್ಟುಕೊಟ್ಟಿದ್ದಾರೆ. ಅವಳ ಹೆಸರು ಲೈಸಾ.

ರಿವರ್‌ರನ್ ಎಂಬ ಕೋಟೆಯ ಒಡೆಯ ಹೋಸ್ಟರ್ ಟಲಿಯ ಕಿರಿಯ ಮಗಳು ಲೈಸಾ. ಅದೇ ಮನೆಯಲ್ಲಿ ಬೆಳೆದ, ಅಂತಸ್ತಿನಲ್ಲಿ ತೀರಾ ಸಣ್ಣವನಾದ ಪೀಟರ್ ಬೇಲಿಶ್ ಎಂಬ ಹುಡುಗನಿಂದ ಅವಳು ಬಸಿರಾಗುತ್ತಾಳೆ. ತಂದೆಗೆ ಅದು ಗೊತ್ತಾಗುತ್ತದೆ. ಆತ ಬೈಯುವುದಿಲ್ಲ, ಹೊಡೆಯುವುದಿಲ್ಲ. ಒಂದು ಬಟ್ಟಲು ಕೊಡುತ್ತಾನೆ. ಅಪ್ಪ ಕೊಟ್ಟದ್ದು ಎಂದು ಮಗಳು ಕುಡಿಯುತ್ತಾಳೆ. ಅದರಲ್ಲಿ ಏನಿತ್ತು ಎಂದು ಅವಳಿಗೆ ತಿಳಿಯುವುದು ರಕ್ತ ಹೋದ ಮೇಲೆ. ನಂತರ ಯುದ್ಧದ ಮೈತ್ರಿಗಾಗಿ ಅವಳನ್ನು ಜಾನ್ ಆರಿನ್ ಎಂಬ ಮುದಿ ಸರದಾರನಿಗೆ ಕೊಟ್ಟು ಮದುವೆ ಮಾಡುತ್ತಾರೆ. ಆ ಮದುವೆಯಲ್ಲಿ ಅವಳ ಗರ್ಭ ಮತ್ತೆ ಮತ್ತೆ ಇಳಿದುಹೋಗುತ್ತದೆ, ಮಕ್ಕಳು ಸತ್ತು ಹುಟ್ಟುತ್ತವೆ. ಕೊನೆಗೆ ಉಳಿದವನು ಒಬ್ಬ ಮಗ, ಅವನಿಗೂ ಸೆಳವಿನ ಕಾಯಿಲೆ.

ಇದನ್ನು ಮಾರ್ಟಿನ್ ಹೇಳುವ ರೀತಿ ಬಹಳ ಜಾಣತನದ್ದು. 2000ದಲ್ಲಿ ಬಂದ ಮೂರನೆಯ ಸಂಪುಟ 'ಎ ಸ್ಟಾರ್ಮ್ ಆಫ್ ಸ್ವೋರ್ಡ್ಸ್'ನ ಆರಂಭದಲ್ಲಿ ಹೋಸ್ಟರ್ ಸಾವಿನ ಹಾಸಿಗೆಯಲ್ಲಿ ಕನವರಿಸುತ್ತಿರುತ್ತಾನೆ. ಟ್ಯಾನ್ಸಿ ಎನ್ನುತ್ತಾನೆ, ರಕ್ತ ಎನ್ನುತ್ತಾನೆ, ಕ್ಷಮೆ ಬೇಡುತ್ತಾನೆ. ಪಕ್ಕದಲ್ಲಿ ಕುಳಿತ ಹಿರಿಯ ಮಗಳು ಕೇಟ್ಲಿನ್ ಮೊದಲು ಅದು ಯಾವಳೋ ಹೆಂಗಸಿನ ಹೆಸರೆಂದು ತಿಳಿಯುತ್ತಾಳೆ. ಅಪ್ಪನಿಗೆ ಯೌವನದಲ್ಲಿ ಯಾರಾದರೂ ಇದ್ದಳೇನೋ ಎಂಬ ಅನುಮಾನ ಅವಳದು. ಗಿಡದ ಹೆಸರು ಹೆಂಗಸಿನ ಹೆಸರಾಗಿ ಕೇಳಿಸುವ ಈ ಗೊಂದಲದಲ್ಲಿ ಮನೆತನಗಳು ತಮ್ಮ ಗುಟ್ಟನ್ನು ಹೇಗೆ ಮುಚ್ಚಿಡುತ್ತವೆ ಎಂಬುದೆಲ್ಲ ಇದೆ. ಒಂದೇ ಸೂರಿನಡಿ ಬೆಳೆದ ಅಕ್ಕನಿಗೆ ತಂಗಿಯ ಮೇಲೆ ಏನು ನಡೆಯಿತೆಂದು ಇಷ್ಟು ವರ್ಷ ಗೊತ್ತಿರಲಿಲ್ಲ. ಸಂಪುಟ ಮುಗಿಯುವ ಹೊತ್ತಿಗೆ ಲೈಸಾ ತಾನೇ ಬಾಯಿಬಿಟ್ಟು ಅರಚಿದಾಗ, ಆ ಚಹಾದಲ್ಲಿ ಏನೇನಿತ್ತು ಎಂದು ಒಂದೊಂದಾಗಿ ಹೆಸರಿಸಿದಾಗ ನಮಗೆ ಎಲ್ಲವೂ ಕೂಡಿಬರುತ್ತದೆ. ತನಗೆ ತಿಳಿಯದೆ ಕುಡಿದ ಮದ್ದಿನ ಪಾಕವನ್ನು ಅವಳು ಆಮೇಲೆ ಎಲ್ಲಿಯೋ ಕೇಳಿ ಕಲಿತು, ಇಷ್ಟು ವರ್ಷ ಬಾಯಿಪಾಠ ಇಟ್ಟುಕೊಂಡಿದ್ದಾಳೆ.

ಅದೇ ಉಸಿರಿನಲ್ಲಿ ಅವಳು ಇನ್ನೊಂದನ್ನೂ ಹೇಳಿಬಿಡುತ್ತಾಳೆ. ಗಂಡನ ಮದ್ಯದಲ್ಲಿ ವಿಷದ ಹನಿ ಬೆರೆಸಿದವಳು ತಾನೇ ಎಂದು. ಪೀಟರ್ ಹೇಳಿಕೊಟ್ಟ, ಅವಳು ಬೆರೆಸಿದಳು. ಆಮೇಲೆ ಅಕ್ಕನಿಗೆ ಸುಳ್ಳು ಪತ್ರ ಬರೆದು ಇನ್ನೊಂದು ಮನೆತನದ ಮೇಲೆ ಕೊಲೆಯ ಆರೋಪ ಹೊರಿಸಿದಳು. ಐದು ರಾಜರ ಯುದ್ಧ, ಊರೂರುಗಳ ಸುಡುವಿಕೆ, ಮೊದಲ ಸಂಪುಟದಿಂದ ನಾವು ಓದುತ್ತ ಬಂದ ಹೆಣಗಳ ರಾಶಿ ಎಲ್ಲಕ್ಕೂ ಅಲ್ಲಿಂದಲೇ ಕಿಡಿ ಹತ್ತಿದ್ದು.

ವಿಮರ್ಶಕರು ಇದನ್ನು ಪೀಟರ್‌ನ ಕುತಂತ್ರ ಎಂದು ಓದುತ್ತಾರೆ. ನಾವು ಹಾಗೆ ಓದುವುದಿಲ್ಲ. ತನಗೆ ಹೇಳದೆ ಕೊಟ್ಟ ಬಟ್ಟಲಿನಿಂದ ಕುಡಿದವಳು ಮುಂದೆ ಇನ್ನೊಬ್ಬನಿಗೆ ಹೇಳದೆ ಬಟ್ಟಲು ಕೊಡುತ್ತಾಳೆ. ಅಧಿಕಾರ ಎಂದರೆ ಹೀಗೆಯೇ ಎಂದು ಅವಳಿಗೆ ಕಲಿಸಿದವನು ಅವಳ ಅಪ್ಪ. ಇನ್ನೂ ಒಂದು ಸಂಗತಿ ಇದೆ. ಜಾನ್ ಆರಿನ್ ತನ್ನ ರೋಗಿಷ್ಟ ಮಗನನ್ನು ಬೇರೆ ಸರದಾರನ ಮನೆಯಲ್ಲಿ ಬೆಳೆಯಲು ಕಳಿಸಬೇಕೆಂದಿದ್ದ. ಆ ಲೋಕದಲ್ಲಿ ಅದು ಸಹಜ ಪದ್ಧತಿ. ಆದರೆ ಲೈಸಾಗೆ ಅದು ಹೇಗೆ ಕಂಡಿರಬೇಕು? ಮೊದಲ ಮಗುವನ್ನು ಅಪ್ಪ ತೆಗೆದ, ಕೊನೆಯ ಮಗುವನ್ನು ಗಂಡ ಒಯ್ಯುತ್ತಿದ್ದಾನೆ. ಪೀಟರ್ ಬಳಸಿಕೊಂಡದ್ದು ಈ ಭಯವನ್ನೇ. ಲೈಸಾಳನ್ನು ಕಾದಂಬರಿ ಹುಚ್ಚಿಯಂತೆ, ನಗೆಪಾಟಲಾಗುವಂತೆ ಚಿತ್ರಿಸುತ್ತದೆ: ದಪ್ಪ ಮೈ, ಹಿಡಿತವಿಲ್ಲದ ಮಾತು, ದೊಡ್ಡ ಮಗನಿಗೆ ಎಲ್ಲರೆದುರು ಮೊಲೆಯೂಡುವ ಅಭ್ಯಾಸ. ಈ ಚಿತ್ರಣದಲ್ಲಿ ಲೇಖಕರು ಅವಳಿಗೆ ಸ್ವಲ್ಪ ಅನ್ಯಾಯ ಮಾಡಿದ್ದಾರೆಂದೇ ನಮ್ಮ ಅನಿಸಿಕೆ. ಕಾರಣವನ್ನು ಕೊಟ್ಟ ಹೊತ್ತಿಗೆ ಓದುಗನ ಮನಸ್ಸಿನಲ್ಲಿ ಅವಳ ಬಗ್ಗೆ ಹೇಸಿಗೆ ಗಟ್ಟಿಯಾಗಿ ಹೋಗಿರುತ್ತದೆ. ಕೆಲವು ಸಾಲುಗಳ ನಂತರ ಅವಳನ್ನು ಬೆಟ್ಟದ ಮೇಲಿನ ಬಾಗಿಲಿನಿಂದ ಕೆಳಗೆ ತಳ್ಳಿಯೂ ಆಗುತ್ತದೆ. ಆ ಬಾಗಿಲಿನ ಹೆಸರು ಚಂದ್ರದ್ವಾರ. ತಿಂಗಳಿನಿಂದ ಶುರುವಾದದ್ದು ತಿಂಗಳಿನಲ್ಲೇ ಮುಗಿಯಿತು.

ಉರ್ದು ದಾಸ್ತಾನುಗಳನ್ನು ಓದಿ ಬೆಳೆದವರಿಗೆ ಈ ಬಟ್ಟಲಿನ ಪರಿಚಯ ಬೇಕಿಲ್ಲ. ಅಮೀರ್ ಹಮ್ಜಾನ ಕಥೆಗಳಲ್ಲಿ ಅಮ್ರ್ ಅಯ್ಯಾರ್ ವೇಷ ಮರೆಸಿ ಬಂದು ಶರಬತ್ತಿನಲ್ಲಿ, ಮಿಠಾಯಿಯಲ್ಲಿ 'ದಾರೂ ಏ ಬೇಹೋಶಿ' ಬೆರೆಸಿ ದೊಡ್ಡ ದೊಡ್ಡ ಮಾಂತ್ರಿಕರನ್ನು ಕೆಡವುತ್ತಾನೆ. ಓದುವ ನಮಗೆ ನಗು. ಆದರೆ ಅಯ್ಯಾರ್ ತನ್ನ ಮದ್ದನ್ನು ಕೊಡುವುದು ಶತ್ರುವಿಗೆ. ಹೋಸ್ಟರ್ ಕೊಟ್ಟದ್ದು ಮಗಳಿಗೆ. ಇಷ್ಟೇ ವ್ಯತ್ಯಾಸದಿಂದ ತಮಾಷೆಯ ಉಪಕರಣ ದುರಂತದ ಉಪಕರಣವಾಗುತ್ತದೆ.

ಇನ್ನಿಬ್ಬರು ಹೆಂಗಸರ ಕೈಯಲ್ಲಿ ಈ ಚಹಾ ಬೇರೆ ರೂಪ ತಾಳುತ್ತದೆ. 2005ರ 'ಎ ಫೀಸ್ಟ್ ಫಾರ್ ಕ್ರೋಸ್'ನಲ್ಲಿ ರಾಜಮಾತೆ ಸೆರ್ಸಿ ತನ್ನ ಸೊಸೆ ಮಾರ್ಜರಿಯನ್ನು ಕೆಡವಲು ಸಾಕ್ಷಿ ಹುಡುಕುತ್ತಿರುತ್ತಾಳೆ. ಆಸ್ಥಾನದ ವೈದ್ಯ ಪೈಸೆಲ್‌ನನ್ನು ಹೆದರಿಸಿದಾಗ ಅವನು ಬಾಯಿ ಬಿಡುತ್ತಾನೆ: ಮಾರ್ಜರಿಗೆ ತಾನು ತಿಂಗಳ ಚಹಾ ಮಾಡಿಕೊಟ್ಟಿದ್ದೆ ಎಂದು. ಕನ್ಯೆ ಎನಿಸಿಕೊಂಡವಳಿಗೆ ಆ ಚಹಾ ಏಕೆ ಬೇಕಿತ್ತು? ತನಗಾಗಿ ಕೇಳಿದಳೋ, ಜೊತೆಯ ಹುಡುಗಿಯರಿಗಾಗಿ ಕೇಳಿದಳೋ, ಮುದುಕ ಹೆದರಿ ಹೇಳಿದ್ದೋ, ಕಾದಂಬರಿ ಸ್ಪಷ್ಟಪಡಿಸುವುದಿಲ್ಲ. ಸ್ಪಷ್ಟಪಡಿಸದಿರುವುದೇ ಒಳ್ಳೆಯದಾಯಿತು. ಮಾರ್ಟಿನ್ ಅವರ ನಾಡಿನಲ್ಲಿ ವೈದ್ಯವಿದ್ಯೆ ಮೇಸ್ಟರ್ ಎಂಬ ಬ್ರಹ್ಮಚಾರಿ ಪಂಡಿತರ ಸಂಘಕ್ಕೆ ಸೇರಿದ್ದು. ಹೆಂಗಸರಿಗೆ ಅಲ್ಲಿ ಪ್ರವೇಶವಿಲ್ಲ. ಅವರಿಂದ ಮದ್ದು ಪಡೆದರೆ ಮದ್ದಿನ ಜೊತೆ ಒಬ್ಬ ಸಾಕ್ಷಿಯೂ ಹುಟ್ಟುತ್ತಾನೆ.

ಇದಕ್ಕೆ ಎದುರಾಗಿ ಆಶಾ ಗ್ರೇಜಾಯ್ ಇದ್ದಾಳೆ. ಹೆಸರು ನಮ್ಮ ಪಕ್ಕದ ಮನೆಯವಳಂತಿದ್ದರೂ ಅವಳು ಕಡಲುಗಳ್ಳರ ದ್ವೀಪದ ರಾಜಪುತ್ರಿ, ಹಡಗು ನಡೆಸುವವಳು. 2011ರ 'ಎ ಡಾನ್ಸ್ ವಿತ್ ಡ್ರ್ಯಾಗನ್ಸ್'ನಲ್ಲಿ ಅವಳು ನೆನೆಸಿಕೊಳ್ಳುತ್ತಾಳೆ: ಈ ಚಹಾ ಕಾಯಿಸುವುದನ್ನು ತನಗೆ ಕಲಿಸಿದವಳು ಒಬ್ಬ ಕಾಡಿನ ನಾಟಿವೈದ್ಯೆ. ಪಂಡಿತನಿಲ್ಲ, ಅಪ್ಪನಿಲ್ಲ, ಲೆಕ್ಕದ ಪುಸ್ತಕವಿಲ್ಲ. ಹೆಂಗಸಿನಿಂದ ಹೆಂಗಸಿಗೆ ಬಂದ ವಿದ್ಯೆ, ಅವಳೇ ಕಾಯಿಸುತ್ತಾಳೆ, ಅವಳೇ ಕುಡಿಯುತ್ತಾಳೆ. ಆಶಾಳ ನಡತೆಯನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಲೈಸಾ, ಮಾರ್ಜರಿ, ಆಶಾ ಮೂವರನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿದಾಗ ಪಾನೀಯ ಒಂದೇ ಆಗಿದ್ದೂ ಅದು ಒಮ್ಮೆ ಹಿಂಸೆ, ಒಮ್ಮೆ ಆರೋಪಪಟ್ಟಿ, ಒಮ್ಮೆ ಬರಿಯ ದಿನಚರಿ ಆಗುವುದನ್ನು ಕಾಣುತ್ತೇವೆ. ಮಾರ್ಟಿನ್ ಆ ನಾಟಿವೈದ್ಯೆಗೆ ಒಂದು ಹೆಸರನ್ನಾದರೂ ಕೊಡಬಹುದಿತ್ತು. ಕುದುರೆಗಳಿಗೂ ಕತ್ತಿಗಳಿಗೂ ಹೆಸರಿಟ್ಟ ಲೇಖಕರು ಅವರು.

ಯಾರ ಒಪ್ಪಿಗೆ ಎಂಬ ಈ ಪ್ರಶ್ನೆ ಪಾಶ್ಚಾತ್ಯರು ನಿನ್ನೆ ಮೊನ್ನೆ ಎತ್ತಿದ್ದಲ್ಲ. ಇಸ್ಲಾಮ್ ಎಂದರೆ ಗರ್ಭನಿರೋಧಕ್ಕೆ ಕಡು ವಿರೋಧ ಎಂದು ನಮ್ಮವರೂ ಇತರರೂ ನಂಬಿರುವುದರಿಂದ ಇಲ್ಲಿ ಎರಡು ಮಾತು ಹೇಳುವುದು ಅಗತ್ಯ. ಪ್ರವಾದಿಯವರ (ಸ) ಕಾಲದಲ್ಲಿ, ಕುರ್‌ಆನ್ ಅವತೀರ್ಣವಾಗುತ್ತಿದ್ದ ದಿನಗಳಲ್ಲೇ, ತಾವು 'ಅಝ್ಲ್' ಅಂದರೆ ವೀರ್ಯ ಹೊರಬಿಡುವ ಕ್ರಮವನ್ನು ಅನುಸರಿಸುತ್ತಿದ್ದುದಾಗಿ ಹಝ್ರತ್ ಜಾಬಿರ್ ಹೇಳಿದ ಹದೀಸ್ ಪ್ರಸಿದ್ಧವಾದುದು. ಇದರ ಆಧಾರದ ಮೇಲೆ ಬಹುಪಾಲು ಫಿಕ್ಹ್ ಪಂಡಿತರು ಅದಕ್ಕೆ ಅನುಮತಿ ಇತ್ತರು. ಹನಫಿ, ಮಾಲಿಕಿ, ಹಂಬಲಿ ಪಂಥಗಳವರು ಒಂದು ಷರತ್ತು ಹಾಕಿದರು: ಪತ್ನಿಯ ಒಪ್ಪಿಗೆ ಬೇಕು. ಮಗು ಅವಳ ಹಕ್ಕು, ಸುಖವೂ ಅವಳ ಹಕ್ಕು ಎಂಬುದು ಅವರ ವಾದ. ಇಮಾಮ್ ಗಝಾಲಿಯವರು 'ಇಹ್ಯಾ'ದಲ್ಲಿ ಅಝ್ಲ್‌ಗೆ ಸಲ್ಲುವ ಕಾರಣಗಳನ್ನು ಕೊಡುವಾಗ ಸಂಸಾರದ ಖರ್ಚಿನ ಭಯವನ್ನೂ, ಪತ್ನಿಯ ಸೌಂದರ್ಯ ಉಳಿಸಿಕೊಳ್ಳುವ ಆಸೆಯನ್ನೂ ಸೇರಿಸಿದ್ದಾರೆ. ಅವರಿಗಿಂತ ಒಂಬತ್ತು ಶತಮಾನಗಳಿಗೂ ಹಿಂದಿನ ಸೊರಾನಸ್, ಸೌಂದರ್ಯಕ್ಕಾಗಿ ಬಸಿರು ಇಳಿಸಲು ಬಂದವಳಿಗೆ ಮದ್ದು ಕೊಡಲಾರೆ ಎಂದವನು. ಹೋಲಿಕೆ ಪೂರ್ತಿ ಸರಿಯಲ್ಲ, ಏಕೆಂದರೆ ಒಬ್ಬರು ಮಾತಾಡಿದ್ದು ತಡೆಯ ಬಗ್ಗೆ, ಇನ್ನೊಬ್ಬ ಇಳಿಸುವುದರ ಬಗ್ಗೆ. ಗಝಾಲಿಯವರು ಗರ್ಭಪಾತವನ್ನು ಒಪ್ಪಿದವರಲ್ಲ. ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್'ನಲ್ಲಿ, ಹೆರಿಗೆಯಿಂದ ಪ್ರಾಣಾಪಾಯವಿರುವ ಎಳೆಯ ಹೆಣ್ಣಿಗೆ ಬಸಿರು ತಡೆಯುವುದು ವೈದ್ಯನ ಕೆಲಸವೇ ಎಂದು ಸೇರಿಸಿದ್ದಾರೆ. ಆ ಗ್ರಂಥ ಹನ್ನೆರಡನೆಯ ಶತಮಾನದಲ್ಲಿ ಲ್ಯಾಟಿನ್‌ಗೆ ಹೋಗಿ ಯೂರೋಪಿನ ವೈದ್ಯಶಾಲೆಗಳಲ್ಲಿ ಪಾಠವಾಯಿತು. ಮಾರ್ಟಿನ್ ಅವರ ಮೇಸ್ಟರ್‌ಗಳ ಮಾದರಿಗಳಾದ ಯೂರೋಪಿನ ಪಂಡಿತರು ನಮ್ಮವರ ಪುಸ್ತಕ ಓದಿ ಕಲಿತವರೇ.

ಇದನ್ನು ಹೇಳಿ ಹೆಮ್ಮೆಪಟ್ಟು ಸುಮ್ಮನಾಗುವುದು ಸುಲಭ. ಅದೇ ಪಂಡಿತರು ಒಪ್ಪಿಗೆಯ ಷರತ್ತನ್ನು ಸ್ವತಂತ್ರ ಪತ್ನಿಗೆ ಮಾತ್ರ ಸೀಮಿತಗೊಳಿಸಿದರು, ದಾಸಿಯ ಒಪ್ಪಿಗೆ ಅಗತ್ಯವಿಲ್ಲ ಎಂದರು ಎಂಬುದನ್ನೂ ಹೇಳಬೇಕು. ಮುಟ್ಟು ಹರಿಯಿಸುವ ಮದ್ದು ಎಂಬ ಹೆಸರಿನ ಮರೆಯಲ್ಲಿ ಯಾವ ಅಂತಃಪುರದಲ್ಲಿ ಯಾರಿಗೆ ಏನು ಕುಡಿಸಿದರೋ, ಆ ಹೆಣ್ಣುಮಕ್ಕಳಲ್ಲಿ ಯಾರೂ ಬರೆದಿಟ್ಟು ಹೋಗಿಲ್ಲ. ನಮ್ಮ ದೇಶದ 1971ರ ಗರ್ಭಪಾತ ಕಾಯ್ದೆ ಪ್ರಾಪ್ತ ವಯಸ್ಸಿನ ಹೆಣ್ಣಿನ ಒಪ್ಪಿಗೆ ಮಾತ್ರ ಸಾಕೆಂದು ಹೇಳುತ್ತದೆ. ಆದರೂ ಗಂಡನ ಸಹಿ ಕೇಳುವ ಅಭ್ಯಾಸ ಎಷ್ಟು ಕಡೆ ಇದೆ ಎಂಬುದು ಓದುಗ ಸಹೋದರಿಯರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಮತ್ತೆ ಕಾದಂಬರಿಗೆ ಬರೋಣ. ಮಾರ್ಟಿನ್ ಅವರ ಲೋಕದಲ್ಲಿ ಒಂದು ದೊಡ್ಡ ಬಿರುಕು ಇದೆ. ಇಷ್ಟು ಸುಲಭದ ಮದ್ದು ಇರುವ ನಾಡಿನಲ್ಲಿ ಮದುವೆಯಾಚೆ ಹುಟ್ಟಿದ ಮಕ್ಕಳು ಎಲ್ಲಿ ನೋಡಿದರಲ್ಲಿ ಏಕಿದ್ದಾರೆ? ಅಂಥವರಿಗೆಂದೇ ಪ್ರಾಂತ್ಯಕ್ಕೊಂದು ಅಡ್ಡಹೆಸರು ಇದೆ. ಮಾಲೆಯ ಕಥಾನಾಯಕರಲ್ಲಿ ಒಬ್ಬನಾದ ಜಾನ್ ಸ್ನೋ ಹೊತ್ತದ್ದು ಅಂಥ ಹೆಸರನ್ನೇ. ರಾಜ ರಾಬರ್ಟ್‌ನ ಅಂಥ ಮಕ್ಕಳನ್ನು ಎಣಿಸುವುದೇ ಕಷ್ಟ. ಕಥೆಗೆ ಅನಾಥ ಮಕ್ಕಳು ಬೇಕು, ಅದಕ್ಕಾಗಿ ಲೇಖಕರು ಚಹಾವನ್ನು ಬೇಕಾದಾಗ ಕೈಗೆತ್ತಿಕೊಂಡು ಬೇಡವಾದಾಗ ಕಪಾಟಿನಲ್ಲಿಡುತ್ತಾರೆ ಎಂದು ಹೇಳಿ ತಳ್ಳಿಹಾಕಬಹುದು. ಮದ್ದು ಕೋಟೆಯವರಿಗೆ ಮಾತ್ರ ಸಿಗುತ್ತಿತ್ತು, ಹೋಟೆಲಿನ ಕೆಲಸದವಳಿಗೆ ಸಿಗುತ್ತಿರಲಿಲ್ಲ ಎಂದು ನಾವೇ ಊಹಿಸಿಕೊಳ್ಳಲೂಬಹುದು. ಆದರೆ ಮೊದಲ ಸಂಪುಟದಲ್ಲಿ ಒಂದು ಸಣ್ಣ ದೃಶ್ಯ ಇದೆ. ವೇಶ್ಯಾಗೃಹದ ಒಬ್ಬ ಎಳೆಯ ಹುಡುಗಿ ರಾಜನಿಂದ ಹುಟ್ಟಿದ ತನ್ನ ಹಸುಗೂಸು ಬಾರಾಳನ್ನು ತೋಳಿನಲ್ಲಿ ಹಿಡಿದು, ಆತ ಒಮ್ಮೆ ಬಂದು ಮಗುವನ್ನು ನೋಡಲಿ ಎಂದು ಕಾಯುತ್ತಿದ್ದಾಳೆ. ಆ ಮನೆಯಲ್ಲಿ ಇಂಥ ಮದ್ದು ಗೊತ್ತಿರಲಿಲ್ಲ ಎಂದರೆ ನಂಬುವುದು ಕಷ್ಟ. ಅವಳಿಗೆ ಮಗು ಬೇಕಿತ್ತು. ಮುಂದೆ ರಾಜಧಾನಿಯ ಕಾವಲುಪಡೆಯವರು ಬಂದು ಆ ಕೂಸನ್ನು ಕೊಲ್ಲುತ್ತಾರೆ. ಬಡವಳಾದ ಇವಳಿಂದಲೂ, ಸರದಾರನ ಮಗಳಾದ ಲೈಸಾಳಿಂದಲೂ ಮಗುವನ್ನು ಕಿತ್ತುಕೊಂಡದ್ದು ಮನೆತನದ ಲೆಕ್ಕಾಚಾರವೇ. ಒಂದು ಕಡೆ ಬಟ್ಟಲು, ಇನ್ನೊಂದು ಕಡೆ ಕತ್ತಿ.

ಟಿವಿ ಸರಣಿ ಮಾಡಿದವರು ಲೈಸಾಳ ವಿಷದ ಬಟ್ಟಲನ್ನು ಉಳಿಸಿಕೊಂಡು ಚಹಾದ ಬಟ್ಟಲನ್ನು ಕೈಬಿಟ್ಟರು. ಪರಿಣಾಮವಾಗಿ ತೆರೆಯ ಮೇಲೆ ಅವಳು ಪ್ರಿಯಕರನಿಗಾಗಿ ಗಂಡನನ್ನು ಕೊಂದ ಅರೆಹುಚ್ಚಿ ಮಾತ್ರ ಆಗಿ ಉಳಿದಳು. ಕಾರಣವನ್ನು ಕತ್ತರಿಸಿ ಅಪರಾಧವನ್ನು ಉಳಿಸಿಕೊಳ್ಳುವುದು ಹೆಂಗಸರ ಕಥೆಗಳಿಗೆ ಸಿನಿಮಾದವರು ಎಲ್ಲೆಡೆ ಮಾಡುವ ಕೆಲಸ.

ಇದೇ ಲೋಕದ ಹಳೆಯ ಕಾಲದ ಕಥೆ ಹೇಳುವ 'ಹೌಸ್ ಆಫ್ ದಿ ಡ್ರ್ಯಾಗನ್' ಎಂಬ ಇನ್ನೊಂದು ಸರಣಿ 2022ರಲ್ಲಿ ಬಂತು. ಅದರ ನಾಲ್ಕನೆಯ ಕಂತಿನ ಕೊನೆಯಲ್ಲಿ ರಾಜ ವಿಸೆರಿಸ್ ತನ್ನ ಮಗಳು ರೆನಿರಾಳ ಕೋಣೆಗೆ ರಾತ್ರಿ ಹೊತ್ತು ವೈದ್ಯನನ್ನು ಕಳಿಸುತ್ತಾನೆ. ಅವನ ಕೈಯಲ್ಲಿ ಬಿಸಿ ಚಹಾ. ಅಪ್ಪ ತಾನೇ ಬರುವುದಿಲ್ಲ. ಲೈಸಾಗೆ ಹೇಳಿರಲಿಲ್ಲ, ಇವಳಿಗೆ ಹೇಳುತ್ತಾರೆ. ಕೇಳುವುದಂತೂ ಇಬ್ಬರನ್ನೂ ಇಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1973ರ ರೋ ತೀರ್ಪನ್ನು ಅದೇ ವರ್ಷ ಜೂನ್ 24ರಂದು ರದ್ದುಪಡಿಸಿತ್ತು. ಈ ಕಂತು ಅಲ್ಲಿನ ಮನೆಗಳಿಗೆ ತಲುಪಿದ್ದು ಸೆಪ್ಟೆಂಬರಿನಲ್ಲಿ. ರೆನಿರಾ ಬಟ್ಟಲನ್ನು ನೋಡುತ್ತಾಳೆ. ಅವಳು ಕುಡಿದಳೇ ಇಲ್ಲವೇ ಎಂಬುದನ್ನು ತೋರಿಸದೆ ಕಂತು ಅಲ್ಲಿಗೆ ನಿಲ್ಲುತ್ತದೆ.